ಹಾಸಿಗೆ ಹಿಡಿದವರ ಬಳಿ ಉಳಿದವರು ಯೇಸುವನ್ನು ಹಿಂಬಾಲಿಸುತ್ತಿಲ್ಲವೇ?

ಪ್ರಶ್ನೆ: ನಾನು ಉಡುಪಿ ಸಮೀಪದ ಊರಿನವಳು. ಹಲವು ವರ್ಷ ನಮ್ಮ ಸಭೆಯ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆ. ಎರಡು ವರ್ಷಗಳ ಹಿಂದೆ ಅತ್ತೆಯವರಿಗೆ ಪಾರ್ಶ್ವವಾಯು ಬಡಿದು ಅವರು ಹಾಸಿಗೆ ಹಿಡಿದರು. ಮಾತು ಹೆಚ್ಚುಕಡಿಮೆ ನಿಂತಿದೆ, ಕಿವಿ ಮಾತ್ರ ಚೆನ್ನಾಗಿ ಕೇಳುತ್ತದೆ. ಪತಿ ಗಲ್ಫ್‌ನಲ್ಲಿರುವುದರಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದರಿಂದ ಹಿಡಿದು ಗಂಜಿ ಕುಡಿಸುವವರೆಗೆ ಎಲ್ಲವೂ ನನ್ನ ಮೇಲಿದೆ. ದೇವಾಲಯಕ್ಕೆ ಹೋಗುವುದು ಬಹುತೇಕ ನಿಂತುಹೋಗಿದೆ. ಮನೆಗೆ ಬಂದು ಪ್ರಾರ್ಥಿಸಿದ ಕೆಲವರು, "ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು ಎಂದು ಕರ್ತನು ಹೇಳಿದ್ದಾನೆ, ಈ ಮನೆಯಲ್ಲಿ ನಂಬಿಕೆ ಸಾಲದು" ಎಂದರು. ಸುವಾರ್ತೆಗಳಲ್ಲಿ ಯೇಸುವನ್ನು ಭೇಟಿಯಾದವರು ಎಲ್ಲವನ್ನೂ ಬಿಟ್ಟು ಆತನ ಹಿಂದೆ ಹೋದರು ಎಂದು ಮಕ್ಕಳಿಗೆ ಕಲಿಸಿದವಳು ನಾನೇ. ಈಗ ನಾನು ಏನನ್ನೂ ಬಿಟ್ಟಿಲ್ಲ, ಎಲ್ಲಿಗೂ ಹೋಗಿಲ್ಲ. ನನ್ನನ್ನು ಶಿಷ್ಯೆ ಎಂದುಕೊಳ್ಳಬಹುದೇ?

ಉತ್ತರ: ಪ್ರಿಯ ಸಹೋದರಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಅತ್ತೆಯವರು ಗುಣವಾಗದಿರುವುದಕ್ಕೆ ನನ್ನ ನಂಬಿಕೆಯ ಕೊರತೆ ಕಾರಣವೇ ಎಂಬುದು ಒಂದು. ಮನೆಯಲ್ಲೇ ಉಳಿದಿರುವ ನಾನು ಯೇಸುವನ್ನು ಹಿಂಬಾಲಿಸುತ್ತಿದ್ದೇನೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಲ್ಲ ಎಂದೂ ಎರಡನೆಯದಕ್ಕೆ ಹೌದು ಎಂದೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ರಾತ್ರಿಯಿಡೀ ಎದ್ದೆದ್ದು ಮಗ್ಗುಲು ಬದಲಿಸುವವರನ್ನು ಉತ್ತರಕ್ಕಾಗಿ ಕೊನೆಯ ಸಾಲಿನವರೆಗೆ ಕಾಯಿಸುವುದು ಸರಿಯಲ್ಲ. ಆದರೆ ಕೇವಲ ನನ್ನ ಮಾತೆಂದು ನೀವು ಇದನ್ನು ಒಪ್ಪಿಕೊಳ್ಳಬೇಡಿ. ಯೇಸು ಭೇಟಿಯಾದ ಕೆಲವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಹೋಗೋಣ. ಸತ್ಯವೇದ ನಿಮ್ಮ ಮುಂದೆ ತೆರೆದಿರಲಿ.

ನಿಮ್ಮನ್ನು ನೋಯಿಸಲು ಬಳಕೆಯಾದ ಆ ವಾಕ್ಯದಿಂದಲೇ ಆರಂಭಿಸುತ್ತೇನೆ. ಗ್ರೀಕ್ ಮೂಲದಲ್ಲಿ ಅದೇ ಪದಗಳನ್ನು ಯೇಸು ನಾಲ್ವರಿಗೆ ಹೇಳುತ್ತಾನೆ: ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿಗೆ (ಮಾರ್ಕ 5:34), ಯೆರಿಕೋ ಪಟ್ಟಣದ ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯನಿಗೆ (ಮಾರ್ಕ 10:52), ಫರಿಸಾಯನ ಮನೆಯ ಊಟದ ಹೊತ್ತಿನಲ್ಲಿ ಕಣ್ಣೀರಿನಿಂದ ತನ್ನ ಪಾದಗಳನ್ನು ತೋಯಿಸಿದವಳಿಗೆ (ಲೂಕ 7:50), ಮತ್ತು ಕುಷ್ಠದಿಂದ ಶುದ್ಧನಾಗಿ ಹಿಂದಿರುಗಿ ಬಂದ ಸಮಾರ್ಯದವನಿಗೆ (ಲೂಕ 17:19). ಇಲ್ಲಿ ಬರುವ ಕ್ರಿಯಾಪದಕ್ಕೆ ಗುಣಪಡಿಸು ಎಂಬ ಅರ್ಥವೂ ಇದೆ, ರಕ್ಷಿಸು ಎಂಬ ಅರ್ಥವೂ ಇದೆ. ಕನ್ನಡಕ್ಕೆ ತರುವವರು ಸಂದರ್ಭ ನೋಡಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಈಗ ಮೂರನೆಯವಳನ್ನು ಗಮನಿಸಿ. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಾಲ್ಕನೆಯವನ ಪ್ರಸಂಗ ಇನ್ನೂ ಸ್ಪಷ್ಟವಾಗಿದೆ: ಶುದ್ಧರಾದವರು ಹತ್ತು ಮಂದಿ, ಆ ಮಾತು ಕೇಳಿಸಿಕೊಂಡವನು ಒಬ್ಬನೇ. ತಿರುಗಿ ನೋಡದೆ ಹೋದ ಒಂಬತ್ತು ಮಂದಿಯ ಚರ್ಮವೂ ಅವನ ಚರ್ಮದಂತೆಯೇ ಗುಣವಾಗಿತ್ತು. ಅಂದಮೇಲೆ ಆ ವಾಕ್ಯವನ್ನು ಗುಣವಾಗುವುದಕ್ಕೆ ತೆರಬೇಕಾದ ಬೆಲೆಯ ಚೀಟಿಯಂತೆ ಓದಲು ಬರುವುದಿಲ್ಲ. ಗುಣವಾಗುವಾಗ ಇಲ್ಲವೇ ಗುಣವಾದ ಮೇಲೆ, ಅಥವಾ ಗುಣವಾಗಬೇಕಾದ ರೋಗವೇ ಇಲ್ಲದಿದ್ದಾಗಲೂ, ಯೇಸುವಿನ ಕಡೆಗೆ ತಿರುಗಿ ಬಂದವರಿಗೆ ಆತನು ಹೇಳಿದ ಸಮಾಧಾನದ ಮಾತು ಅದು. ಯಾರಿಗೂ, ಎಲ್ಲಿಯೂ, ಆತನು ಅದನ್ನು ತಿರುವಿ ಹಾಕಿ, ನಿನ್ನ ನಂಬಿಕೆ ಸಾಲದ್ದರಿಂದ ನಿನ್ನ ಮನೆಯ ರೋಗಿ ಮಲಗಿದ್ದಾಳೆ ಎಂದು ಹೇಳಿದ್ದಿಲ್ಲ.

ನಂಬಿಕೆ ಎಂಬ ಪದವನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ಕೂಟಗಳಲ್ಲಿ ಅದು ಕ್ರಮೇಣ ಸೇರು ಪಾವುಗಳಲ್ಲಿ ಅಳೆಯುವ ವಸ್ತುವಿನಂತಾಗಿದೆ; ಮನಸ್ಸಿನಲ್ಲಿ ಅನುಮಾನ ಎಷ್ಟು ಕಡಿಮೆಯೋ ನಂಬಿಕೆ ಅಷ್ಟು ಹೆಚ್ಚು ಎಂದು ತಿಳಿಯುತ್ತೇವೆ. ನಮ್ಮ ಭಾಷೆಗೆ ಇದಕ್ಕಿಂತ ಹಳೆಯ ತಿಳಿವಳಿಕೆಯೊಂದಿದೆ. ಕೆಲವು ವರ್ಷಗಳ ಹಿಂದೆ, ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಜುಲೈ ತಿಂಗಳಲ್ಲಿ, ಮಲ್ಪೆಯಲ್ಲಿ ಬಲೆ ಸರಿಪಡಿಸುತ್ತ ಕುಳಿತಿದ್ದ ಹಿರಿಯರೊಬ್ಬರ ಬಳಿ ಮಳೆ ನಿಲ್ಲುವವರೆಗೆ ನಿಂತಿದ್ದೆ. ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಹಿಡಿದು, ನೂಲು ಸುತ್ತಿದ ಕಡ್ಡಿಯನ್ನು ಒಳಗೆ ಹೊರಗೆ ಆಡಿಸುತ್ತ, ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿದ್ದರು. ಹಿಂದಿನ ಋತುವಿನಲ್ಲಿ ಮೀನು ಸರಿಯಾಗಿ ಬಿದ್ದಿರಲಿಲ್ಲ ಎಂದು ಹೇಳಿ, ತಲೆಯೆತ್ತದೆ, "ನಾವು ಕಡಲನ್ನೇ ನಂಬಿದವರು ಮಾರಾಯ್ರೆ" ಎಂದರು. ಪ್ರತಿದಿನ ಮೀನು ಸಿಗುತ್ತದೆ ಎಂಬ ಖಾತ್ರಿ ಅವರಿಗಿರಲಿಲ್ಲ, ಅದು ಆ ಮಾತಿನ ಅರ್ಥವೂ ಆಗಿರಲಿಲ್ಲ. ಬದುಕಿನ ಹಗ್ಗವನ್ನು ಅಲ್ಲಿ ಕಟ್ಟಿದ್ದೇವೆ, ಬರಿಗೈಯಲ್ಲಿ ಬಂದ ಮರುದಿನವೂ ಅಲ್ಲಿಗೇ ಹೋಗುತ್ತೇವೆ ಎಂಬುದು ಅದರ ಅರ್ಥ. ಮಳೆಯನ್ನು ನಂಬಿದ ಬೇಸಾಯ ಎನ್ನುವಾಗ, ನಿಮ್ಮನ್ನೇ ನಂಬಿಕೊಂಡು ಬಂದಿದ್ದೇನೆ ಎನ್ನುವಾಗ ನಾವು ಬಳಸುವುದೂ ಇದೇ ಅರ್ಥವನ್ನು. ಹೊಸ ಒಡಂಬಡಿಕೆಯಲ್ಲಿ ನಂಬಿಕೆಗೆ ಬಳಸಿರುವ ಪಿಸ್ತಿಸ್ ಎಂಬ ಗ್ರೀಕ್ ಪದವೂ ಬಹುಪಾಲು ಇಲ್ಲಿಯೇ ನಿಲ್ಲುತ್ತದೆ. ಭರವಸೆ, ಆತುಕೊಳ್ಳುವುದು, ನಂಬಿಗಸ್ತಿಕೆ ಎಲ್ಲವೂ ಅದರೊಳಗಿವೆ. ರಾತ್ರಿಯಿಡೀ ದುಡಿದು ಏನೂ ಸಿಗದ, ಮುಂದೆ ಪೇತ್ರನೆನಿಸಿಕೊಂಡ ಸೀಮೋನನು, "ಆದರೂ ನಿನ್ನ ಮಾತಿನ ಮೇಲೆ ಬಲೆ ಹಾಕುತ್ತೇನೆ" ಎಂದಾಗ (ಲೂಕ 5:5) ಅವನ ಮನಸ್ಸಿನಲ್ಲಿ ಅನುಮಾನ ಇರಲಿಲ್ಲವೆಂದು ಯಾರು ಹೇಳಬಲ್ಲರು? ಅವನು ಬಲೆ ಹಾಕಿದನು. ಲೂಕನು ನಮಗೆ ತೋರಿಸುವುದು ಅಷ್ಟನ್ನೇ.

ಎರಡು ವರ್ಷಗಳಿಂದ ಮಾತಿಲ್ಲದ ಅತ್ತೆಯವರಿಗೆ ದಿನವೂ ಗಂಜಿ ಕುಡಿಸಿ, ಪ್ರಾರ್ಥನೆಗೆ ಉತ್ತರ ಕಾಣದಿದ್ದರೂ ಮತ್ತೆ ಪ್ರಾರ್ಥಿಸುವವರ ಬಳಿ ನಂಬಿಕೆಯಿಲ್ಲ ಎನ್ನುವವರು ಆ ಪದವನ್ನು ಎಲ್ಲಿಂದ ಕಲಿತರೋ ನನಗೆ ತಿಳಿಯದು; ಸುವಾರ್ತೆಗಳಿಂದಂತೂ ಕಲಿತಿಲ್ಲ.

ಗುಣವಾದವರಲ್ಲಿ ನಂಬಿಕೆಯ ಸುಳಿವೇ ಇಲ್ಲದವರೂ ಇದ್ದಾರೆ ಎಂಬುದನ್ನು ನಾವು ಬೋಧಕರು ಸಾಕಷ್ಟು ಹೇಳುವುದಿಲ್ಲ. ಯೆರೂಸಲೇಮಿನ ಬೇತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷಗಳಿಂದ ರೋಗಿಯಾಗಿದ್ದವನನ್ನು ನೋಡಿ (ಯೋಹಾನ 5). ಅವನು ಯೇಸುವನ್ನು ಕರೆಯಲಿಲ್ಲ, ಬೇಡಲಿಲ್ಲ. ಗುಣವಾಗಲು ಮನಸ್ಸುಂಟೋ ಎಂದು ಕೇಳಿದರೆ, ನೀರು ಕಲಕಿದಾಗ ನನ್ನನ್ನು ಇಳಿಸುವವರು ಯಾರೂ ಇಲ್ಲ ಎಂದು ದೂರು ಹೇಳಿದನು. ಎದ್ದು ನಡೆದ ಮೇಲೂ ತನ್ನನ್ನು ಎಬ್ಬಿಸಿದವನು ಯಾರೆಂದು ಅವನಿಗೆ ತಿಳಿದಿರಲಿಲ್ಲ. ಆ ಮಂಟಪಗಳಲ್ಲಿ ಅಂದು ಬಹುಮಂದಿ ರೋಗಿಗಳು ಮಲಗಿದ್ದರು, ಎದ್ದು ನಡೆದದ್ದು ಒಬ್ಬನೇ. ಉಳಿದವರ ನಂಬಿಕೆ ಕಡಿಮೆಯಿತ್ತು ಎಂದು ಯೋಹಾನನು ಬರೆಯಲಿಲ್ಲ, ಅವನೊಬ್ಬನೇ ಏಕೆ ಎಂದೂ ಹೇಳಲಿಲ್ಲ. ಆ ಮೌನವನ್ನು ನಾನು ತುಂಬಲು ಹೋಗುವುದಿಲ್ಲ, ನೀವೂ ಯಾರಿಗೂ ತುಂಬಲು ಬಿಡಬೇಡಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಯಾರು ಮಾಡಿದ ಪಾಪಕ್ಕೆ ಇವನು ಹೀಗಾದನು, ಇವನೋ ಇವನ ತಂದೆತಾಯಿಯೋ ಎಂದು ಕೇಳಿದಾಗ (ಯೋಹಾನ 9) ಯೇಸು ಇಬ್ಬರನ್ನೂ ಬಿಡಿಸಿದನು. ರೋಗಿಯ ಹಾಸಿಗೆಯ ಪಕ್ಕದಲ್ಲಿ ತಪ್ಪಿತಸ್ಥರನ್ನು ಹುಡುಕುವ ಅಭ್ಯಾಸ ಶಿಷ್ಯರಿಗೆ ಅಂದೂ ಇತ್ತು.

ನಜರೇತಿನ ಪ್ರಸಂಗವನ್ನು ಯಾರಾದರೂ ನಿಮ್ಮೆದುರು ಎತ್ತಬಹುದು: ಅಪನಂಬಿಕೆಯ ಕಾರಣ ಆತನು ಅಲ್ಲಿ ಮಹತ್ಕಾರ್ಯಗಳನ್ನು ಮಾಡಲಾಗಲಿಲ್ಲ ಎಂದು ಮಾರ್ಕನು ಬರೆದಿದ್ದಾನೆ (6:5-6). ಪೂರ್ತಿ ಓದಬೇಕು. ಅಲ್ಲಿನ ಅಪನಂಬಿಕೆಯೆಂದರೆ ಇವನು ಆ ಬಡಗಿಯಲ್ಲವೇ ಎಂದು ಊರಿನವರು ಆತನನ್ನು ತಳ್ಳಿಹಾಕಿದ್ದು. ಹಾಗಿದ್ದೂ ಕೆಲವು ರೋಗಿಗಳ ಮೇಲೆ ಕೈಯಿಟ್ಟು ಆತನು ಗುಣಪಡಿಸಿದನು ಎಂದು ಅದೇ ವಚನ ಹೇಳುತ್ತದೆ. ಕಣ್ಣೀರಿಟ್ಟು ಆತನನ್ನೇ ಕರೆಯುತ್ತಿರುವ ಮನೆಗೆ ಆ ಮಾತನ್ನು ಅನ್ವಯಿಸುವುದು ವಾಕ್ಯಕ್ಕೆ ಮಾಡುವ ಅನ್ಯಾಯ. ಅನುಮಾನ ಬೆರೆತ ಪ್ರಾರ್ಥನೆಯ ಬಗ್ಗೆ ತಿಳಿಯಬೇಕಾದರೆ ಮಾರ್ಕ 9ನೇ ಅಧ್ಯಾಯದ ತಂದೆಯನ್ನು ನೋಡಬೇಕು. ನೆಲಕ್ಕೆ ಬಿದ್ದು ನೊರೆ ಕಾರುವ ಮಗನನ್ನು ಕರೆತಂದಿದ್ದ ಅವನು, "ನಿನ್ನಿಂದ ಆಗುವುದಾದರೆ" ಎಂದು ಮಾತು ತೆಗೆದನು. ಆಮೇಲೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂದು ಕೂಗಿದನು. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದವನನ್ನು ಯೇಸು, ಮೊದಲು ಆ ಎರಡನೆಯದನ್ನು ಕಳಚಿ ಬಾ ಎಂದು ಹಿಂದಕ್ಕೆ ಕಳುಹಿಸಲಿಲ್ಲ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕು. ಎಳೆಯ ಬೋಧಕನಾಗಿದ್ದಾಗ, ಮಂಗಳೂರಿನ ಒಂದು ಮನೆಯಲ್ಲಿ, ಮಗಳ ಕಾಯಿಲೆಯಿಂದ ಬಸವಳಿದಿದ್ದ ತಾಯಿಗೆ ನಾನೂ ಇಂತಹದೇ ಮಾತು ಹೇಳಿದ್ದೆ. ಇನ್ನಷ್ಟು ನಂಬಿಕೆಯಿಂದ ಪ್ರಾರ್ಥಿಸಿ ಎಂದಿದ್ದೆ. ಅವರು ಎದುರು ಮಾತನಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದರು. ನಾನು ಹೇಳಿದ್ದು ಪ್ರೀತಿಯಿಂದಲೇ, ಆದರೆ ಅವರ ತಲೆಯ ಮೇಲೆ ಆಗಲೇ ಇದ್ದ ಹೊರೆಗೆ ಇನ್ನೊಂದು ಕಲ್ಲು ಸೇರಿಸಿ ಎದ್ದು ಬಂದಿದ್ದೆ. ನಿಮ್ಮ ಮನೆಗೆ ಬಂದವರೂ ಪ್ರೀತಿಯಿಂದಲೇ ಬಂದಿರಬೇಕು. ಅವರ ಮೇಲೆ ಕೋಪ ಬೇಡ, ಆದರೆ ಅವರ ಮಾತನ್ನು ಕರ್ತನ ಮಾತೆಂದು ಇಟ್ಟುಕೊಳ್ಳುವುದೂ ಬೇಡ.

ಇನ್ನು ಹಿಂಬಾಲಿಸುವ ವಿಷಯ. ಯೇಸುವನ್ನು ಭೇಟಿಯಾದವರು ಎಲ್ಲವನ್ನೂ ಬಿಟ್ಟು ಆತನ ಹಿಂದೆ ಹೋದರು ಎಂದು ಮಕ್ಕಳಿಗೆ ಕಲಿಸಿದ್ದಾಗಿ ಬರೆದಿದ್ದೀರಿ. ನಮ್ಮ ಭಾನುವಾರದ ಶಾಲೆಗಳಲ್ಲಿ ನಾವೆಲ್ಲ ಕಲಿತದ್ದೂ ಕಲಿಸಿದ್ದೂ ಅದನ್ನೇ. ಆದರೆ ಸುವಾರ್ತೆಗಳು ಅಷ್ಟು ಏಕರೂಪವಾಗಿಲ್ಲ. ಮಾರ್ಕನ ಸುವಾರ್ತೆಯಿಂದಲೇ ಮೂವರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿ. ನಿತ್ಯಜೀವದ ದಾರಿ ಕೇಳುತ್ತ ಓಡಿಬಂದು ಮೊಣಕಾಲೂರಿದ ಐಶ್ವರ್ಯವಂತನಿಗೆ ಯೇಸು, ಇದ್ದುದನ್ನು ಮಾರಿ ಬಡವರಿಗೆ ಕೊಟ್ಟು ಬಂದು ನನ್ನನ್ನು ಹಿಂಬಾಲಿಸು ಎಂದನು. ಅವನು ಮುಖ ಬಾಡಿಸಿಕೊಂಡು ಹೊರಟುಹೋದನು. ಅದೇ ಹತ್ತನೆಯ ಅಧ್ಯಾಯದ ಕೊನೆಯಲ್ಲಿ ಕಣ್ಣು ಪಡೆದ ಬಾರ್ತಿಮಾಯನಿಗೆ ಯೇಸು ಹೋಗು ಎಂದನು. ಅವನು ಹೋಗದೆ, ಯೆರೂಸಲೇಮಿನ ಕಡೆಗೆ, ಶಿಲುಬೆಯ ಕಡೆಗೆ ಸಾಗುತ್ತಿದ್ದ ಆ ದಾರಿಯಲ್ಲೇ ಆತನ ಹಿಂದೆ ನಡೆದನು. ಬಾ ಎನಿಸಿಕೊಂಡವನು ಹೋದನು, ಹೋಗು ಎನಿಸಿಕೊಂಡವನು ಬಂದನು. ಮೂರನೆಯವನು ಐದನೆಯ ಅಧ್ಯಾಯದವನು, ಮತ್ತು ಸಹೋದರಿ, ನಿಮ್ಮ ಪ್ರಶ್ನೆಗೆ ಉತ್ತರ ಅವನಲ್ಲಿದೆ ಎಂದು ನನಗನ್ನಿಸುತ್ತದೆ.

ಅವನು ಗಲಿಲಾಯ ಸಮುದ್ರದ ಆಚೆ ದಡದಲ್ಲಿ, ಸಮಾಧಿಗಳ ನಡುವೆ ವಾಸಿಸುತ್ತಿದ್ದವನು. ಬೇಡಿ, ಸರಪಣಿ ಯಾವುದೂ ಅವನನ್ನು ಹಿಡಿದಿಡುತ್ತಿರಲಿಲ್ಲ. ಹಗಲಿರುಳು ಕೂಗಿಕೊಳ್ಳುತ್ತ ಕಲ್ಲುಗಳಿಂದ ಮೈಯನ್ನು ಗಾಯ ಮಾಡಿಕೊಳ್ಳುತ್ತಿದ್ದನು. ಯೇಸು ಅವನನ್ನು ಬಿಡಿಸಿದ ಮೇಲೆ ಊರಿನವರು ಬಂದು ನೋಡಿದಾಗ ಅವನು ಬಟ್ಟೆ ತೊಟ್ಟು, ಬುದ್ಧಿ ತಿಳಿದವನಾಗಿ ಕುಳಿತಿದ್ದನು. ಜನರು ಹೆದರಿ, ನಮ್ಮ ಪ್ರಾಂತ್ಯ ಬಿಟ್ಟುಹೋಗು ಎಂದು ಯೇಸುವನ್ನು ಬೇಡಿಕೊಂಡರು. ಆತನು ದೋಣಿ ಹತ್ತುವಾಗ ಈ ಮನುಷ್ಯನೂ ಬೇಡಿಕೊಂಡನು, ನಿನ್ನ ಜೊತೆಯಲ್ಲಿರುವೆನು ಎಂದು. ಶಿಷ್ಯನಾಗಲು ಇದಕ್ಕಿಂತ ಒಳ್ಳೆಯ ಬೇಡಿಕೆ ಯಾವುದಿದೆ? ಹನ್ನೆರಡು ಮಂದಿಯನ್ನು ಯೇಸು ಆರಿಸಿಕೊಂಡದ್ದೇ ತನ್ನ ಜೊತೆಯಲ್ಲಿರಲಿ ಎಂದು (ಮಾರ್ಕ 3:14). ಹಾಗಿದ್ದೂ ಆತನು ಒಪ್ಪಲಿಲ್ಲ. ಮನೆಗೆ ಹೋಗು, ನಿನ್ನವರ ಬಳಿಗೆ ಹೋಗು, ಕರ್ತನು ನಿನ್ನನ್ನು ಕರುಣಿಸಿ ಮಾಡಿದ್ದನ್ನೆಲ್ಲ ಅವರಿಗೆ ಹೇಳು ಎಂದನು. ದೋಣಿ ಹೊರಟಿತು, ಅವನು ದಡದಲ್ಲಿ ಉಳಿದನು.

ಸಮಾಧಿಗಳ ನಡುವಿನಿಂದ ಮನೆಗೆ ಹಿಂದಿರುಗುವುದು ಆ ಮನುಷ್ಯನಿಗೆ ದೋಣಿ ಹತ್ತುವುದಕ್ಕಿಂತ ಸುಲಭವಾಗಿತ್ತೆಂದು ನಾನು ಭಾವಿಸುವುದಿಲ್ಲ. ದೋಣಿಯಲ್ಲಿ ಹೋಗಿದ್ದರೆ ಅವನು ಹೊಸಬರ ನಡುವೆ ಹೊಸಬನಾಗಿರಬಹುದಿತ್ತು. ಮನೆಯಲ್ಲಿ ಎಲ್ಲರಿಗೂ ಅವನ ಹಳೆಯ ಕೂಗು ನೆನಪಿತ್ತು. ಅವನು ಹೋದನು, ಮತ್ತು ದೆಕಪೊಲಿ ಎಂಬ ಆ ಹತ್ತು ಊರುಗಳ ಸೀಮೆಯಲ್ಲಿ ಸಾರತೊಡಗಿದನು. ಎರಡು ಅಧ್ಯಾಯಗಳಾದ ಮೇಲೆ ಯೇಸು ಮತ್ತೆ ದೆಕಪೊಲಿಯ ಸೀಮೆಗೆ ಬರುತ್ತಾನೆ (7:31). ಈ ಸಲ ಅಲ್ಲಿಯ ಜನರು ಹೊರಟುಹೋಗು ಎನ್ನುವುದಿಲ್ಲ. ಕಿವುಡನೊಬ್ಬನನ್ನು ಕರೆತಂದು ಇವನ ಮೇಲೆ ಕೈಯಿಡು ಎಂದು ಬೇಡುತ್ತಾರೆ. ಮಾರ್ಕನು ಈ ಎರಡು ಘಟನೆಗಳನ್ನು ಗಂಟು ಹಾಕಿ ಹೇಳಿಲ್ಲ. ಆದರೆ ಸುವಾರ್ತೆಯನ್ನು ಒಂದೇ ಬಾರಿಗೆ ಕುಳಿತು ಓದುವವರಿಗೆ ನಡುವೆ ದಡದಲ್ಲಿ ಉಳಿದ ಒಬ್ಬನು ನೆನಪಾಗದೆ ಇರುವುದಿಲ್ಲ.

ದೋಣಿಯಲ್ಲಿ ಹೋದವರ ಕಥೆಯಲ್ಲೂ ಮನೆ ಅಳಿಸಿಹೋಗಿಲ್ಲ. ಸೀಮೋನನು ಬಲೆಗಳನ್ನು ಬಿಟ್ಟು ಹಿಂಬಾಲಿಸಿದ್ದು ಮಾರ್ಕ 1:18ರಲ್ಲಿ. ಹತ್ತು ಹನ್ನೆರಡು ವಚನಗಳಾಗುವಷ್ಟರಲ್ಲಿ ಯೇಸು ಎಲ್ಲಿದ್ದಾನೆ ನೋಡಿ: ಕಪೆರ್ನೌಮಿನಲ್ಲಿ, ಸೀಮೋನನ ಮನೆಯಲ್ಲಿ, ಜ್ವರದಿಂದ ಮಲಗಿದ್ದ ಅವನ ಅತ್ತೆಯ ಪಕ್ಕದಲ್ಲಿ. ಹಿಂಬಾಲಿಸು ಎಂದು ಕರೆದವನು ಕರೆದುಕೊಂಡು ಹೋದದ್ದು ಕಾಯಿಲೆಯ ಅತ್ತೆ ಮಲಗಿದ್ದ ಕೋಣೆಗೆ. ಆತನು ಆಕೆಯ ಕೈಹಿಡಿದು ಎಬ್ಬಿಸಿದನು, ಜ್ವರ ಬಿಟ್ಟಿತು, ಆಕೆ ಅವರಿಗೆ ಉಪಚಾರ ಮಾಡಿದಳು. ಉಪಚಾರ ಎಂದಾಗ ನಮಗೆ ಅಡುಗೆಮನೆ ಮಾತ್ರ ಕಾಣಬಹುದು, ಆದರೆ ಆ ಗ್ರೀಕ್ ಕ್ರಿಯಾಪದವನ್ನೇ ಯೇಸು ಮುಂದೆ ತನ್ನ ಬಗ್ಗೆ ಬಳಸುತ್ತಾನೆ: ಮನುಷ್ಯಕುಮಾರನು ಸೇವೆ ಮಾಡಿಸಿಕೊಳ್ಳುವುದಕ್ಕೆ ಬರಲಿಲ್ಲ, ಸೇವೆ ಮಾಡುವುದಕ್ಕೆ ಬಂದನು (10:45). ಶಿಲುಬೆಯನ್ನು ದೂರದಲ್ಲಿ ನಿಂತು ನೋಡುತ್ತಿದ್ದ ಸ್ತ್ರೀಯರ ಬಗ್ಗೆ, ಗಲಿಲಾಯದಲ್ಲಿ ಆತನನ್ನು ಹಿಂಬಾಲಿಸಿ ಸೇವೆ ಮಾಡುತ್ತಿದ್ದವರು ಎನ್ನುವಾಗಲೂ ಅದೇ ಪದ (15:41). ಆರಿಸಿಕೊಂಡ ಶಿಷ್ಯರು ಓಡಿಹೋಗಿದ್ದ ಹೊತ್ತದು. ನೀವು ಚಮಚದಲ್ಲಿ ಗಂಜಿ ಎತ್ತಿ, ಅದು ಗಂಟಲಿಗಿಳಿಯುವುದನ್ನು ಕಾದು, ಮತ್ತೆ ಚಮಚ ಎತ್ತುವ ಕೆಲಸಕ್ಕೆ ಮಾರ್ಕನ ಬಳಿ ಇರುವ ಪದ ಇದು.

ಮತ್ತಾಯನ ಸುವಾರ್ತೆಯಲ್ಲಿ ಇನ್ನೊಂದು ಸಂಗತಿಯಿದೆ. ಇದನ್ನು ಗಮನಿಸಿದಂದಿನಿಂದ ನಂಬಿಕೆಯ ಬಗ್ಗೆ ನನ್ನ ಬೋಧನೆಯೇ ಬದಲಾಯಿತು. ಅಲ್ಲಿ ಯೇಸು ಇಬ್ಬರ ನಂಬಿಕೆಯನ್ನು ದೊಡ್ಡದೆಂದು ಹೊಗಳುತ್ತಾನೆ. ಒಬ್ಬನು ರೋಮ್ ಸೈನ್ಯದ ಶತಾಧಿಪತಿ, ಇಂಥ ನಂಬಿಕೆಯನ್ನು ಇಸ್ರಾಯೇಲಿನಲ್ಲಿಯೂ ಕಾಣಲಿಲ್ಲ ಎನಿಸಿಕೊಂಡವನು (8:10). ಇನ್ನೊಬ್ಬಳು ತೂರ್ ಸೀದೋನ್ ಸೀಮೆಯ ಕಾನಾನ್ಯ ಸ್ತ್ರೀ, ಅಮ್ಮಾ ನಿನ್ನ ನಂಬಿಕೆ ದೊಡ್ಡದು ಎನಿಸಿಕೊಂಡವಳು (15:28). ಇಬ್ಬರೂ ಇಸ್ರಾಯೇಲಿನ ಹೊರಗಿನವರು. ಇಬ್ಬರೂ ತಮಗಾಗಿ ಏನನ್ನೂ ಕೇಳಲಿಲ್ಲ; ಅವನು ಪಾರ್ಶ್ವವಾಯುವಿನಿಂದ ಮನೆಯಲ್ಲಿ ಬಿದ್ದಿದ್ದ ಆಳಿಗಾಗಿ ಬಂದವನು, ಅವಳು ಮಗಳಿಗಾಗಿ ಬಂದವಳು. ಇಬ್ಬರಿಗೂ ಯೇಸು ನನ್ನನ್ನು ಹಿಂಬಾಲಿಸು ಎನ್ನಲಿಲ್ಲ. ಅವರು ಮನೆಗೆ, ತಮ್ಮ ರೋಗಿಗಳ ಬಳಿಗೆ ಹಿಂದಿರುಗಿದರು, ಮುಂದೆ ಅವರ ಸುದ್ದಿಯಿಲ್ಲ. ಅದೇ ಸುವಾರ್ತೆಯಲ್ಲಿ ಅಲ್ಪವಿಶ್ವಾಸಿಗಳೇ ಎಂಬ ಗದರಿಕೆ ಯಾರಿಗೆ? ಎಲ್ಲವನ್ನೂ ಬಿಟ್ಟು ಹಿಂದೆ ಹೋದ ಶಿಷ್ಯರಿಗೆ; ಬಿರುಗಾಳಿಯ ದೋಣಿಯಲ್ಲಿ, ನೀರಿನ ಮೇಲೆ ಮುಳುಗುತ್ತಿದ್ದ ಪೇತ್ರನಿಗೆ, ರೊಟ್ಟಿ ತರಲಿಲ್ಲವೆಂದು ಚಿಂತಿಸುತ್ತಿದ್ದವರಿಗೆ. ಗದರಿಸಿದ ಮೇಲೂ ಆತನು ಅವರನ್ನು ದೋಣಿಯಿಂದ ಇಳಿಸಲಿಲ್ಲ ಎಂಬುದು ನಮ್ಮಂಥವರಿಗೆ ಆಸರೆ. ಆದರೆ ಮನೆ ಬಿಟ್ಟು ಹೋದವರ ನಂಬಿಕೆ ಹೆಚ್ಚಿನದು, ಮನೆಯಲ್ಲಿ ರೋಗಿಯ ಬಳಿ ಇರುವವರ ನಂಬಿಕೆ ಕಡಿಮೆಯದು ಎಂಬ ಲೆಕ್ಕ ಮತ್ತಾಯನ ಮುಂದೆ ನಿಲ್ಲುವುದಿಲ್ಲ.

ನಿಮ್ಮನ್ನು ಸಮಾಧಾನಪಡಿಸಲೆಂದು ಕಠಿಣ ಮಾತುಗಳನ್ನು ಮರೆಮಾಚಿದರೆ ನಾನು ನಿಮಗೆ ಪ್ರಾಮಾಣಿಕನಾಗಿರುವುದಿಲ್ಲ. ಲೂಕ 9ರಲ್ಲಿ, ತಂದೆಯನ್ನು ಹೂಣಿಟ್ಟು ಬರಲು ಅಪ್ಪಣೆ ಕೇಳಿದವನಿಗೂ ಮನೆಯವರಿಗೆ ಹೇಳಿ ಬರುತ್ತೇನೆ ಎಂದವನಿಗೂ ಯೇಸು ಕೊಟ್ಟ ಉತ್ತರ ಇಂದಿಗೂ ಮೈ ನಡುಗಿಸುತ್ತದೆ. ಮನೆಯ ಹೆಸರಿನಲ್ಲಿ ಆತನನ್ನು ಮುಂದಕ್ಕೆ ತಳ್ಳುವುದು ಸಾಧ್ಯವೆಂದು ಆತನಿಗೆ ತಿಳಿದಿತ್ತು. ಇಬ್ಬರ ಬಾಯಲ್ಲೂ ಬರುವ ಮೊದಲು ಎಂಬ ಪದವನ್ನು ಗಮನಿಸಿ: ಮೊದಲು ಇದು, ಆಮೇಲೆ ನೀನು. ನಿಮ್ಮ ಪತ್ರದಲ್ಲಿ ನನಗೆ ಆ ದನಿ ಕೇಳಿಸಲಿಲ್ಲ. ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿ ಮಾರ್ಕ 7:9-13 ಇದೆ. ಹೆತ್ತವರ ಪೋಷಣೆಗೆ ಸಲ್ಲಬೇಕಾದದ್ದನ್ನು ಕೊರ್ಬಾನ್ ಎಂದು, ಅಂದರೆ ದೇವರಿಗೆ ಅರ್ಪಿತವೆಂದು ಘೋಷಿಸಿ ತಂದೆತಾಯಿಗಳಿಂದ ಕೈತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ಖಂಡಿಸುತ್ತಾನೆ. ದೇವರ ಹೆಸರಿನಲ್ಲಿ ಮುದಿತಾಯಿಯನ್ನು ಬಿಟ್ಟುಹೋಗುವುದು ದೇವರ ಆಜ್ಞೆಯನ್ನೇ ಮುರಿದಂತೆ ಎಂಬುದು ಆತನ ತೀರ್ಪು. ಆತನೇ ಶಿಲುಬೆಯ ಮೇಲಿಂದ ತನ್ನ ತಾಯಿಯನ್ನು ಒಬ್ಬ ಶಿಷ್ಯನಿಗೆ ಒಪ್ಪಿಸಿದನು, ಆ ಶಿಷ್ಯನು ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದನು (ಯೋಹಾನ 19:27).

ಸುಂಕದ ಕಟ್ಟೆಯಿಂದ ಎದ್ದು ಬಂದ ಲೇವಿಗೆ ಒಂದು ಬಗೆ. ಮರ ಹತ್ತಿದ ಜಕ್ಕಾಯನಿಗೆ ಇನ್ನೊಂದು ಬಗೆ. ಇಬ್ಬರೂ ಸುಂಕದವರೇ. ಲೇವಿ ಎಲ್ಲವನ್ನೂ ಬಿಟ್ಟನು. ಜಕ್ಕಾಯನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಕೊಡುತ್ತೇನೆ ಎಂದನು, ಮತ್ತು ಈ ಮನೆಗೆ ಈಹೊತ್ತು ರಕ್ಷಣೆಯಾಯಿತು ಎಂದು ಕೇಳಿಸಿಕೊಂಡನು. ಈ ಮನೆಗೆ ಎಂದಿರುವುದನ್ನು ಗಮನಿಸಿ. ಯೇಸುವಿನ ಬಳಿ ಎಲ್ಲರಿಗೂ ಒಂದೇ ಅಳತೆಯ ಅಂಗಿ ಇರಲಿಲ್ಲ. ಆದ್ದರಿಂದ ಏನನ್ನೂ ಬಿಟ್ಟಿಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನಿದ್ರೆಯನ್ನು ಬಿಟ್ಟಿದ್ದೀರಿ, ಪ್ರೀತಿಯ ಕೆಲಸವಾಗಿದ್ದ ಭಾನುವಾರದ ಶಾಲೆಯನ್ನು ಬಿಟ್ಟಿದ್ದೀರಿ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಇದು ನಿಮಗಿಂತ ಹೆಚ್ಚಾಗಿ ನಿಮ್ಮ ಸಭೆಗೆ. ಕಪೆರ್ನೌಮಿನ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು (ಮಾರ್ಕ 2). ಗಲಿಲಾಯದ ಸಾಮಾನ್ಯ ಮನೆಗಳಿಗೆ ಮರದ ತೊಲೆಗಳ ಮೇಲೆ ಕೊಂಬೆ ಹರಡಿ ಮಣ್ಣು ಮೆತ್ತಿದ ಚಾವಣಿಯಿರುತ್ತಿತ್ತು, ಅದಕ್ಕೇ ಮಾರ್ಕನು ಚಾವಣಿಯನ್ನು ಅಗೆದರು ಎಂದು ಬರೆಯುತ್ತಾನೆ. ಲೂಕನು ಹೆಂಚುಗಳ ನಡುವಿನಿಂದ ಇಳಿಸಿದರು ಎನ್ನುತ್ತಾನೆ; 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಮ್ಮ ಕರಾವಳಿಯವರಿಗೆ ಲೂಕನ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸಿದ ಯಾರಿಗಾದರೂ ಗೊತ್ತು, ಅದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಮೇಲಿನವರು ಕೊಡಬೇಕು, ಕೆಳಗಿನವರು ತೆಗೆದುಕೊಳ್ಳಬೇಕು. ಆ ರೋಗಿ ಆ ಕಥೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಯೇಸು ಅವರ ನಂಬಿಕೆಯನ್ನು ನೋಡಿದನು ಎಂದು ಮತ್ತಾಯ, ಮಾರ್ಕ, ಲೂಕ ಮೂರು ಸುವಾರ್ತೆಗಳೂ ಹೇಳುತ್ತವೆ, ಅವರ ಎಂದು ಬಹುವಚನದಲ್ಲಿ. ಆತನು ನೋಡಿದ್ದು ಮಣ್ಣು ಮೆತ್ತಿದ ಕೈಗಳನ್ನು, ಹಾಸಿಗೆಯ ನಾಲ್ಕು ಮೂಲೆಗಳನ್ನು ಹಿಡಿದವರನ್ನು. ನಿಮ್ಮ ಮನೆಯಲ್ಲಿ ನಾಲ್ಕು ಮೂಲೆಗಳನ್ನೂ ನೀವೊಬ್ಬರೇ ಹಿಡಿದಿದ್ದೀರಿ. ನಂಬಿಕೆ ಸಾಲದು ಎಂದವರು ಮುಂದಿನ ಸಲ ಬಂದಾಗ ಈ ಅಧ್ಯಾಯವನ್ನು ಅವರ ಜೊತೆಯಲ್ಲಿ ಓದಿ, ಸಂಕೋಚಪಡದೆ ಕೇಳಿ: ಭಾನುವಾರ ಬೆಳಿಗ್ಗೆ ಎರಡು ಗಂಟೆ ಅತ್ತೆಯವರ ಬಳಿ ಕುಳಿತುಕೊಳ್ಳಲು ಸ್ತ್ರೀಯರ ಕೂಟದಿಂದ ಒಬ್ಬೊಬ್ಬರು ಸರದಿಯಂತೆ ಬರಬಹುದೇ, ಮಗ್ಗುಲು ಬದಲಿಸುವ ಕ್ರಮವನ್ನು ನಾನು ತೋರಿಸಿಕೊಡುತ್ತೇನೆ ಎಂದು. ತಿಂಗಳಿಗೊಮ್ಮೆ ಕರ್ತನ ಭೋಜನವನ್ನು ಮನೆಗೆ ತಂದು ನಿಮ್ಮಿಬ್ಬರಿಗೂ ಕೊಡುವಂತೆ ಸಭಾಪಾಲಕರನ್ನು ಕೇಳಿ; ಅದು ಅವರು ಮಾಡುವ ಉಪಕಾರವಲ್ಲ, ಅವರ ಕರ್ತವ್ಯ.

ಅತ್ತೆಯವರಿಗೆ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಬರೆದಿದ್ದೀರಿ. ಇಂದು ರಾತ್ರಿ ಮಗ್ಗುಲು ಬದಲಿಸಿದ ಮೇಲೆ ದೀಪ ಆರಿಸುವ ಮೊದಲು ಮಾರ್ಕನ ಮೊದಲ ಅಧ್ಯಾಯದ 29ರಿಂದ 31ರವರೆಗಿನ ಮೂರು ವಚನಗಳನ್ನು ಅವರಿಗೆ ಕೇಳುವಂತೆ ಓದಿ. ಸೀಮೋನನ ಅತ್ತೆಯ ಹೆಸರನ್ನು ಮಾರ್ಕನು ಹೇಳಿಲ್ಲ. ಆ ಜಾಗದಲ್ಲಿ ನಿಮ್ಮ ಅತ್ತೆಯವರ ಹೆಸರನ್ನಿಟ್ಟು ಪ್ರಾರ್ಥಿಸಿ.